ಗೋಡೆಯ ಚೀಟಿ

ಮಾರ್ಚ್ ೧೨, ಬುಧವಾರ

ಮೇಷ್ಟ್ರ ಆ ನಗು ಇವತ್ತಿಗೆ ನಿಂತಿತು. ನಮ್ಮ ಬ್ಯಾಕ್ಟೀರಿಯಾದ ಕಿಣ್ವ ಗಿಡದ ಸಕ್ಕರೆಯಿಂದಷ್ಟೇ ಅಲ್ಲ, ಆ್ಯಂಟಿಬಯಾಟಿಕ್‌ನಿಂದಲೂ ಅಸಿಟೈಲ್ ಎಂಬ ಪರಮಾಣು ಗುಂಪನ್ನು ಕೀಳುತ್ತದೆ ಎಂದು ಹಟ ಹಿಡಿದಿದ್ದೆ. ಕಿತ್ತದ್ದು ಅಸಿಟಿಕ್ ಆಮ್ಲವಾಗಿ ಕಾಣಬೇಕು. ಕಳೆದ ವಾರ ಕಿಣ್ವ ಹಾಕದ ನಳಿಕೆಯಲ್ಲೂ ಕಂಡಾಗ, "ಏನಮ್ಮಾ, ನಿನ್ನ ಕಿಣ್ವ ರಜಾ ಹಾಕಿದ್ರೂ ಕೆಲಸ ಆಗತ್ತಾ?" ಎಂದು ನಕ್ಕಿದ್ದರು.

ತಪ್ಪು ನನ್ನದೇ. ಕಿಣ್ವಕ್ಕೆ ಯಾವ ದ್ರಾವಣ ಬಳಸಬೇಕೆಂದು ಲ್ಯಾಬಿನ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ, ಯೋಚಿಸದೆ ಅಸಿಟಿಕ್ ಆಮ್ಲದಿಂದಲೇ ಮಾಡುವ ಅಸಿಟೇಟ್ ಬಫರ್ ಬಳಸಿದ್ದೆ. ಹುಡುಕುವ ಆಮ್ಲವನ್ನು ನಾನೇ ಸುರಿದಿದ್ದೆ.

ಇವತ್ತು ಆ ಆಮ್ಲವಿಲ್ಲದ ಫಾಸ್ಫೇಟ್ ಬಫರಿನಲ್ಲಿ ಮಾಡಿದೆ. ಕಿಣ್ವವಿದ್ದ ನಳಿಕೆಯಲ್ಲಿ ಆಮ್ಲ, ಇಲ್ಲದ್ದರಲ್ಲಿ ಸೊನ್ನೆ. ಮೇಷ್ಟ್ರು ಎರಡು ಸಲ ನೋಡಿ, "ಆ ಹಾಳು ಚೀಟಿ ಅಂಟಿಸಿದ್ದು ಯಾರಮ್ಮಾ?" ಅಂದರು.

"ಗೊತ್ತಿಲ್ಲ ಸರ್" ಅಂದೆ. ಚೀಟಿಯನ್ನು ಬೆಳಿಗ್ಗೆಯೇ ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದೆ. ಅಕ್ಷರ ಅವರದೇ. ಈ ಪುಟಕ್ಕೆ ಅಂಟಿಸಿ ಮಲಗುತ್ತೇನೆ.