ಉರಿ ನಿಂತ ಮೇಲೆ

ಜೂನ್ 3
ಗಾರ್ಮೆಂಟ್ಸ್‌ನಲ್ಲಿ ಮತ್ತೆ ಕಾಲರ್ ಹೊಲಿಯುವ ಲೈನು. ಟಾಯ್ಲೆಟ್‌ಗೆ ಹೋಗಬೇಕೆಂದರೆ ಸೂಪರ್‌ವೈಸರ್ ಟೇಬಲ್ ಮೇಲಿನ ಟೋಕನ್ ಬೇಕು. ಇಡೀ ಲೈನಿಗೆ ಒಂದೇ. ನನ್ನ ಸರದಿ ಬರುವಷ್ಟರಲ್ಲಿ ಊಟದ ಬೆಲ್. ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಪಕ್ಕದ ಮಿಷನ್ನಿನ ಅಕ್ಕ ನಕ್ಕಳು— “ಹೊಟ್ಟೇಲಿರೋದಕ್ಕೂ ಒಂದು ಟೋಕನ್ ಕೇಳೇ.” ಐದು ತಿಂಗಳು ತುಂಬಿತು. ಈಗೀಗ ಒದೆಯುತ್ತಿದೆ.

ಜೂನ್ 6
ಉರಿಮೂತ್ರ. ಹೋಗಿ ಬಂದ ಕೂಡಲೇ ಮತ್ತೆ ಹೋಗಬೇಕು, ಬರುವುದು ಹನಿ ಹನಿ... ಉಷ್ಣ ಇರಬೇಕು ಅಂದೆ. ಇವರು ಕೇಳಲಿಲ್ಲ, ಲಾರಿ ಡ್ಯೂಟಿ ಬಿಟ್ಟು ಆಸ್ಪತ್ರೆಗೆ ಕರೆದೊಯ್ದರು. ಟೆಸ್ಟ್ ಆಯಿತು. ಮೂತ್ರಕೋಶದಲ್ಲಿ ಸೋಂಕು. “ನೀರು ಚೆನ್ನಾಗಿ ಕುಡೀರಿ, ತಡ್ಕೋಬೇಡಿ,” ಅಂದರು ಡಾಕ್ಟರಮ್ಮ. “ಉರಿ ಹೋದ್ರೂ ಮಾತ್ರೆ ಪೂರ್ತಿ ಒಂದು ವಾರ. ಮಗುಗೇನೂ ಆಗಲ್ಲ.” ಟೋಕನ್ ವಿಷಯ ಹೇಳಲು ನಾಚಿಕೆಯಾಯಿತು.

ಜೂನ್ 8
ಉರಿ ಮಾಯ. ಹೋದ ಜೀವ ಬಂದಂತಾಯಿತು. ಅತ್ತೆ ಮಾತ್ರೆಗಳನ್ನು ಎತ್ತಿಟ್ಟರು. “ವಾಸಿಯಾದ್ಮೇಲೂ ಯಾಕೆ ನುಂಗ್ತೀಯಾ? ಕೂಸಿಗೆ ಮುಟ್ಟತ್ತೆ ಕಣೇ.” ನನಗೂ ಒಳಗೊಳಗೇ ಅದೇ ಭಯ. ಬಿಟ್ಟೆ. ಇವರಿಗೆ ಹೇಳಲಿಲ್ಲ. ಹೆಣ್ಣಾದರೆ ತಮ್ಮ ಮೂಗು ಬರಲಿ ಅಂತ ಅತ್ತೆ ಆಸೆ. ಆ ಮೂಗಾ, ಬೇಡಪ್ಪಾ ಅಂತ ಇವರು.

ಜೂನ್ 19
ಬೆನ್ನಿನ ಬಲಗಡೆ ನೋವು. ಚಳಿ. ಕೂತು ಕೂತು ಬಂದಿರಬೇಕು. ರಜ ಕೇಳಿದರೆ ಸೂಪರ್‌ವೈಸರ್ ಮುಖ ಸಿಂಡರಿಸುತ್ತಾನೆ. ನಾಳೆ ನೋಡೋಣ...

ಜುಲೈ 2
ಬರೆಯಲು ಕೈ ಏಳುತ್ತಿಲ್ಲ.
ಸೋಂಕು ಕಿಡ್ನಿಗೆ ಏರಿತ್ತಂತೆ. ಜ್ವರದಲ್ಲೇ ಹೆರಿಗೆ ನೋವು ಬಂತು. ಹೆಣ್ಣು. ಅಳಲೇ ಇಲ್ಲ.
“ಮಾತ್ರೆ ಎಲ್ಲಾ ಮುಗಿಸಿದ್ರಾ?” ಡಾಕ್ಟರಮ್ಮ ಕೇಳಿದರು. ಇವರು ಅಲ್ಲೇ ನಿಂತಿದ್ದರು. ಅತ್ತೆ ಗೋಡೆ ಕಡೆ ತಿರುಗಿಕೊಂಡರು.
“ಮುಗಿಸಿದೆ,” ಅಂದೆ.

ಜುಲೈ 5
ಮನೆಗೆ ಬಂದಾಗಿನಿಂದ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ಕಾರಣ ಇವರಿಗೆ ಗೊತ್ತಿಲ್ಲ. ಮಧ್ಯಾಹ್ನ ಅತ್ತೆ ಪಕ್ಕ ಬಂದು ಕೂತರು.
“ಯಾಕೆ ಸುಳ್ಳು ಹೇಳ್ದೆ? ಬೈದುಬಿಡೇ ನನ್ನ.”
“ನೀವು ಅಂದ್ರಿ ಅಷ್ಟೇ ಅತ್ತೆ. ಬಿಟ್ಟವಳು ನಾನು.”
ಸಿಟ್ಟಿಲ್ಲವೆಂದಲ್ಲ. ಇದೆ, ಹೊಟ್ಟೆ ತುಂಬ ಇದೆ. ಆದರೆ ಕಳೆದುಕೊಂಡವರಲ್ಲಿ ಅವರೂ ಒಬ್ಬರು.
ರವಿಕೆ ಒದ್ದೆಯಾಗಿತ್ತು. ಹಾಲು ಬಂದಿದೆ. ಕುಡಿಯುವವಳಿಲ್ಲ ಅಂತ ಈ ಮೈಗೆ ಯಾರು ಹೇಳಬೇಕು? ಅತ್ತೆ ಬಟ್ಟೆ ತಂದು ಒರೆಸಿದರು.
ಹಾಲು ನಿಲ್ಲಲು ಮಾತ್ರೆ ಕೊಟ್ಟಿದ್ದಾರೆ. ಕೈಯಲ್ಲಿ ಹಿಡಿದು ಕೂತಿದ್ದೇನೆ. ಅವಳು ಬಂದಿದ್ದಳು ಅನ್ನುವುದಕ್ಕೆ ಉಳಿದಿರುವುದು ಈ ಹಾಲೊಂದೇ. ನುಂಗಿದರೆ ಇದೂ—