ತೆಳ್ಳನೆಯ ಕಂಪ್ಯೂಟರಿಗೆ ಹಾಕಿದ ಮಾಲೆ

ಗುಳೇದಗುಡ್ಡ,
ಫೆಬ್ರುವರಿ 30, 2231

ಬನಶಂಕರಿ ಅವರಿಗೆ,

ಮೇಲಿನ ತಾರೀಖು ಅಚ್ಚಿನ ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಮೇ ತಿಂಗಳ ಕೊನೆಗೆ ಒಟ್ಟುಹಾಕಿ ‘ಬಾಗಿಲುಮುಚ್ಚು’ ಎನ್ನುತ್ತೇವೆ. ಆ ದಿನಗಳಲ್ಲಿ ಬಿಸಿಲಿಗೆ ಯಾರೂ ಹೊರಗೆ ಹೋಗುವುದಿಲ್ಲ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮನ್ನು ಏನೆಂದು ಕರೆಯಬೇಕೆಂದೂ ತಿಳಿಯಲಿಲ್ಲ. ವಂಶದಲ್ಲಿ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಪತ್ರ ಓದುವ ಹೊತ್ತಿಗೆ ನೀವು ನನಗಿಂತ ಬಹಳ ಚಿಕ್ಕವರು.

ನಮ್ಮಲ್ಲಿ ‘ಹಿಂದಂಚೆ’ ಎಂಬ ಕಚೇರಿಯಿದೆ. ಹಿಂದಿನ ಕಾಲಕ್ಕೆ ಪತ್ರ ಕಳಿಸುವುದು ಅದರ ಕೆಲಸ. ಒಂದು ಮನೆಗೆ ಒಂದೇ ಪತ್ರ. ತಲುಪಿತೋ ಇಲ್ಲವೋ ಅವರು ಹೇಳುವುದಿಲ್ಲ. ನನ್ನ ವಿಷಯ ಕೇಳಿದ ಗುಮಾಸ್ತೆ, ‘ಎಲ್ಲಾರೂ ಹೊಲ ಮಾರಬ್ಯಾಡ್ರಿ, ಬಾವಿ ಮುಚ್ಚಬ್ಯಾಡ್ರಿ ಅಂತ ಬರೀತಾರ. ನೀವೊಬ್ರ ನೋಡ್ರಿ ಕಂಪ್ಯೂಟರ್ ಬಗ್ಗೆ ಬರ್ಯಾವ್ರು’ ಎಂದಳು. ಹೌದು ಎಂದೆ.

ಈಗ ನೀವು ಬಾಗಲಕೋಟೆಯ ಅಂಗಡಿಯಲ್ಲಿ ನೋಡಿಬಂದ ಹೊಸ ಯಂತ್ರದ ಬಗ್ಗೆ ಯೋಚಿಸುತ್ತಿದ್ದೀರಿ. ಪರದೆಯ ಬೆನ್ನಿಗೇ ಎಲ್ಲವನ್ನೂ ಅಡಗಿಸಿಕೊಂಡ, ಒಂದೇ ವೈರಿನ, ಹಪ್ಪಳದಷ್ಟು ತೆಳ್ಳನೆಯ ಕಂಪ್ಯೂಟರ್. ಮನೆಯಲ್ಲಿರುವ ಹಳೆಯದಕ್ಕೆ ಪರದೆ ಬೇರೆ, ಮೇಜಿನ ಕೆಳಗಿನ ಡಬ್ಬಿ ಬೇರೆ. ಹೊಸದರ ಪರವಾಗಿ ಹೇಳಬೇಕಾದ್ದು ಬಹಳವಿದೆ. ನಿಮ್ಮದು ಕುಬಸದ ಖಣ ನೇಯುವ ಮನೆ. ಕುಣಿಮಗ್ಗ, ನೂಲಿನ ರಾಶಿ, ತೊಟ್ಟಿಲು ಎಲ್ಲ ಒಂದೇ ಕೋಣೆಯಲ್ಲಿ. ಮಗ್ಗದಿಂದ ಏಳುವ ನೂಲಿನ ಧೂಳು ಹಳೆಯ ಡಬ್ಬಿಯ ಫ್ಯಾನಿಗೆ ಸುತ್ತಿಕೊಂಡು ಅದು ಗಿರಣಿಯಂತೆ ಸದ್ದು ಮಾಡುತ್ತದೆ. ಹೊಸದು ಗೋಡೆಗೆ ಒರಗಿ ಸುಮ್ಮನಿರುತ್ತದೆ. ಖಣದ ಬಣ್ಣ ಅದರ ಪರದೆಯಲ್ಲಿ ಇದ್ದಂತೆಯೇ ಕಾಣುತ್ತದೆ. ದೂರದ ಗಿರಾಕಿಗಳಿಗೆ ಕುಳಿತಲ್ಲಿಂದಲೇ ಬಟ್ಟೆ ತೋರಿಸಲು ಕ್ಯಾಮೆರಾ ಅದರ ಹಣೆಯಲ್ಲೇ ಇದೆ. ಗ್ರಾಫ್ ಹಾಳೆಗಳ ಮೇಲೆ ನಿಮ್ಮ ಮಾವ ಬರೆದಿಟ್ಟ ವಿನ್ಯಾಸಗಳಿಗೆ ಗೆದ್ದಲು ಹತ್ತಿದೆ. ಅವನ್ನು ಸ್ಕ್ಯಾನ್ ಮಾಡಿ ಒಳಗಿಟ್ಟು, ಹಾಳೆಗಳನ್ನು ಒಲೆಗೆ ಹಾಕಿದರೆ ಅಲಮಾರು ಖಾಲಿಯಾಗುತ್ತದೆ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ.

ವಿರುದ್ಧವಾಗಿ ಹೇಳಬೇಕಾದ್ದನ್ನು ಅಂಗಡಿಯವನು ಹೇಳಿರಲಿಕ್ಕಿಲ್ಲ. ಹಳೆಯದರಲ್ಲಿ ಪರದೆ ಕೆಟ್ಟರೆ ಪರದೆ ಬದಲಾಯಿಸುತ್ತೀರಿ. ಕಳೆದ ಆಯುಧಪೂಜೆಯ ನಂತರ ಪರದೆ ಕಪ್ಪಾದಾಗ ಪಕ್ಕದ ಮನೆಯವರ ಹಳೆಯದನ್ನು ತಂದು ಜೋಡಿಸಿದಿರಿ, ಡಬ್ಬಿಗೆ ಏನೂ ಆಗಿರಲಿಲ್ಲ. ಹೊಸದರಲ್ಲಿ ಹಾಗಿಲ್ಲ. ಗಾಜನ್ನು ಅಂಟಿನಿಂದ ಕೂಡಿಸಿದ್ದಾರೆ. ನೆನಪಿಟ್ಟುಕೊಳ್ಳುವ ಚಿಪ್ಪನ್ನು ಒಳಗಿನ ಹಲಗೆಗೇ ಬೆಸೆದಿದ್ದಾರೆ. ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಬಿಸಿ ಹೊರಹೋಗುವ ಸಣ್ಣ ಕಿಂಡಿಗಳು ಬೆನ್ನಿನ ಮೇಲ್ತುದಿಯಲ್ಲಿವೆ. ಇದನ್ನು ನೆನಪಿಡಿ.

ನಿಮ್ಮ ಮುಂದಿನ ಆಯುಧಪೂಜೆಯ ಒಂದು ವಿಡಿಯೋ ತುಣುಕು ನಮ್ಮಲ್ಲಿ ಉಳಿದಿದೆ. ನಿಮ್ಮ ಮೈದುನ ಸಂಗಪ್ಪ ತೆಗೆದು ಬಂಧುಗಳಿಗೆಲ್ಲ ಕಳಿಸಿದ್ದು. ಅದರಲ್ಲಿರುವುದು ನೀವು ಇನ್ನೂ ಆಡದ ಮಾತು. ಸಂಗಪ್ಪನ ಕೈಯಲ್ಲಿ ನೀರು ಚಿಮುಕಿಸಿದ ಚೆಂಡುಹೂವಿನ ಮಾಲೆ, ಅರಿಶಿನದ ನೀರಿನ ತಂಬಿಗೆ.

‘ವೈನಿ, ಇದರ ಡಬ್ಬಿ ಎಲ್ಲೈತ್ರಿ?’

‘ಡಬ್ಬಿ ಇಲ್ಲೋ ಸಂಗಪ್ಪ. ಎಲ್ಲಾ ಇದರ ಹೊಟ್ಟ್ಯಾಗ ಐತಿ.’

‘ಹೊಟ್ಟಿನ ಇಲ್ಲಲ್ರಿ ಇದಕ್ಕ. ನಾಕ ದಿನ ಉಪಾಸ ಇದ್ದಂಗ ಐತಿ. ಮಾಲಿ ಎಲ್ಲಿ ಹಾಕೂದು?’

‘ತಲಿ ಮ್ಯಾಲ ಹಾಕು. ದೇವರಿಗೆ ಎಲ್ಲಿ ಹಾಕ್ತಾರ?’

ಎಲ್ಲರೂ ನಗುತ್ತಾರೆ. ನೀವು ಯಂತ್ರದ ತಲೆಯ ಮೇಲೆ ಅರಿಶಿನದ ನೀರು ಚಿಮುಕಿಸುತ್ತೀರಿ. ಪೂಜೆಯ ದಿನ ದೀಪ ಆರಿಸಬಾರದೆಂಬಂತೆ ಯಂತ್ರವೂ ಉರಿಯುತ್ತಲೇ ಇದೆ. ತುಣುಕು ಅಲ್ಲಿಗೆ ಮುಗಿಯುತ್ತದೆ. ದೀಪಾವಳಿಗೆ ಮೊದಲು ಯಂತ್ರ ನಿಂತಿತು. ಹಾಳೆಗಳು ಆಗಲೇ ಒಲೆ ಸೇರಿದ್ದವು.

ಅದರೊಂದಿಗೆ ಹೋದ ವಿನ್ಯಾಸಗಳಲ್ಲಿ ಒಂದು ‘ಇರುವೆಸಾಲು’, ಮನೆಯ ಹೆಣ್ಣುಮಕ್ಕಳ ಕುಬಸಕ್ಕೆ ಮಾತ್ರ ನೇಯುತ್ತಿದ್ದ ಖಣ. ಬಸುರಿಯ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಅದನ್ನೇ ಇಡುತ್ತಿದ್ದರು. ಅದನ್ನು ಬಲ್ಲ ನಿಮ್ಮ ಮಾವ ಆಗಲೇ ತೀರಿಕೊಂಡಿದ್ದರು. ನೀವು ನೆನಪಿನಿಂದ ನೇಯ್ದಿರಿ. ಎರಡು ಸಾಲುಗಳು ನಡುವೆ ಕೂಡಿ ತಿರುಗುವ ಜಾಗ ಮಾತ್ರ ನಿಮಗೆ ಸಿಗಲಿಲ್ಲ. ನಿಮ್ಮ ಮಗಳು ಒಂದು ಬಗೆಯಲ್ಲಿ ಊಹಿಸಿದಳು, ಮೊಮ್ಮಗಳು ಇನ್ನೊಂದು ಬಗೆಯಲ್ಲಿ. ನನ್ನ ಅಜ್ಜಿಯ ಕಾಲಕ್ಕೆ ಊಹಿಸುವುದನ್ನೂ ಬಿಟ್ಟು ಬಿಳಿ ಬಟ್ಟೆ ಇಡತೊಡಗಿದರು.

ಯಂತ್ರ ಮೊನ್ನೆಯವರೆಗೂ ನಮ್ಮ ಮನೆಯಲ್ಲಿತ್ತು. ತೆಳ್ಳಗಿದ್ದುದರಿಂದಲೇ ಉಳಿಯಿತು. ಡಬ್ಬಿಯಾಗಿದ್ದರೆ ಯಾರಾದರೂ ಗುಜರಿಗೆ ಹಾಕುತ್ತಿದ್ದರು. ಅದರ ಕಪ್ಪು ಗಾಜು ತಲೆಮಾರುಗಳಿಂದ ನಮಗೆ ಕನ್ನಡಿಯಾಗಿತ್ತು. ಬೆಳಿಗ್ಗೆ ‘ತಂಪುಗಂಟೆ’ ಬಾರಿಸಿ ಕೊಳವೆಗಳಲ್ಲಿ ತಣ್ಣನೆಯ ಗಾಳಿ ಬಿಟ್ಟಾಗ ನಾವು ಎದ್ದು, ಆ ಗಾಜಿನ ಮುಂದೆ ತಲೆ ಬಾಚಿ, ಗಾಳಿ ನಿಲ್ಲುವುದರೊಳಗೆ ಅಡುಗೆ, ನೇಯ್ಗೆ ಮುಗಿಸುತ್ತಿದ್ದೆವು. ಮೊನ್ನೆ ಅದನ್ನು ಗೋಡೆಯಿಂದ ಇಳಿಸಿ ‘ಬಿಚ್ಚುಮನೆ’ಗೆ ಒಯ್ದೆ. ಹಳೆಯ ಯಂತ್ರಗಳನ್ನು ತೆರೆದು ಒಳಗಿನದನ್ನು ಓದುವ ಜಾಗ ಅದು. ಗಾಜು ಒಡೆಯದೆ ತೆರೆಯಲಾಗುವುದಿಲ್ಲ ಎಂದರು. ಒಡೆಯಿರಿ ಎಂದೆ. ಚಿಪ್ಪು ತುಕ್ಕು ಹಿಡಿದು ಪುಡಿಯಾಗಿತ್ತು. ಸುತ್ತಲೂ ಅರಿಶಿನದ ಕಲೆ ಇನ್ನೂ ಹಳದಿಯಾಗಿಯೇ ಇತ್ತು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕುಳಿತೆ. ಬರಲಿಲ್ಲ. ಈಗ ಮನೆಯಲ್ಲಿ ಕನ್ನಡಿಯೂ ಇಲ್ಲ.

ನನ್ನ ಮಗಳು ನೀಲಗಂಗಾ ಬಸುರಿ, ಬರುವ ಶುಕ್ರವಾರ ಅವಳಿಗೆ ಕುಬಸದ ಶಾಸ್ತ್ರ, ಉಡಿ ತುಂಬುತ್ತೇವೆ. ಇದು ಮೂರನೆಯ ಬಸಿರು. ಹಿಂದಿನ ಎರಡು ಸಲವೂ ಅವಳ ಉಡಿಗೆ ಬಿಳಿ ಬಟ್ಟೆ ಇಟ್ಟೆ. ಎರಡು ಸಲವೂ ತೊಟ್ಟಿಲು ಕಟ್ಟಲಿಲ್ಲ. ಬಟ್ಟೆಯಿಂದ ಹಾಗಾಯಿತೆಂದು ನಾನು ಹೇಳುವುದಿಲ್ಲ. ವೈದ್ಯರು ಕಾರಣ ತಿಳಿಸಿದ್ದಾರೆ, ನನಗೆ ಅರ್ಥವಾಗಿದೆ. ಆದರೆ ಈ ಸಲ ಅವಳು ಬಾಯಿಬಿಟ್ಟು ಕೇಳಿದಳು: ‘ಅವ್ವಾ, ಈ ಸಲ ಬಿಳೇದು ಬ್ಯಾಡ.’ ಅವಳು ಏನನ್ನೂ ಕೇಳುವವಳಲ್ಲ.

ಆ ಕಂಪ್ಯೂಟರ್ ಕೊಳ್ಳಬೇಡಿ ಎಂದು ನಾನು ಹೇಳಲಾರೆ. ಆ ಕೋಣೆಗೆ ಅದು ಒಳ್ಳೆಯ ಯಂತ್ರ. ಕೊಳ್ಳಿ. ಪೂಜೆಯನ್ನೂ ಮಾಡಿ, ಆದರೆ ಮಾಲೆಯನ್ನು ಮೇಜಿನ ಕಾಲಿಗೆ ಕಟ್ಟಿ, ಅರಿಶಿನದ ನೀರನ್ನೂ ಅಲ್ಲೇ ಚಿಮುಕಿಸಿ. ಇರುವೆಸಾಲಿನ ಹಾಳೆಯೊಂದನ್ನು, ಗೆದ್ದಲು ತಿಂದದ್ದಾದರೂ ಸರಿ, ಒಲೆಗೆ ಹಾಕದೆ ಸಂಗಪ್ಪನ ಮನೆಗೆ ಕೊಡಿ.

ಈ ಪತ್ರ ನಿಮಗೆ ಸಿಕ್ಕಿದ್ದರೆ ಇದನ್ನು ಬರೆದ ನೆನಪು ನನಗಿರುವುದಿಲ್ಲ. ಶುಕ್ರವಾರ ಇರುವೆಸಾಲನ್ನು ಮಗಳ ಉಡಿಯಲ್ಲಿಟ್ಟು, ಅದು ಯಾವಾಗಲೂ ಇದ್ದದ್ದೇ ಎಂಬಂತೆ ಅಕ್ಕಿ ಹಾಕುತ್ತೇನೆ. ನಿಮ್ಮ ಹೆಸರೂ ನೆನಪಾಗುವುದಿಲ್ಲ. ಅದಕ್ಕೆ ಈಗಲೇ ಕ್ಷಮೆ ಕೇಳುತ್ತೇನೆ.

ಸಿಗದಿದ್ದರೆ ಇರಲಿ ಎಂದು ಬಿಳಿ ಬಟ್ಟೆಯನ್ನು ಒಗೆದು ಮಡಿಸಿ ಇಟ್ಟಿದ್ದೇನೆ. ಅದು ಇನ್ನೂ ಅಲಮಾರಿನಲ್ಲಿದೆ. ಬೆಳಿಗ್ಗೆ ನೋಡಿದೆ, ಈಗ ಮತ್ತೆ ನೋಡಿದೆ.

ಇಂತಿ,
ಗುರುಶಾಂತಾ