ಭಾರ ಗೊತ್ತಾಗದ ಬ್ಯಾಗು

ಮರ್ಫಿ ಟೌನ್, ಬೆಂಗಳೂರು
೨೨ ಏಪ್ರಿಲ್ ೨೦೨೪

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ರೇವತಿಯ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಸೇಡಂ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಹೋಗಬೇಡಿ. ಭಾವನವರು ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳಿ. ಹಚ್ಚದೆ ಗೂಡಿನಲ್ಲಿಟ್ಟು ಪೂಜೆ ಮಾಡುತ್ತಿರುತ್ತೀರಿ, ನನಗೆ ಗೊತ್ತು. ಫೋನು ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ನಿಮ್ಮ ಮಗ ಶಿವಪುತ್ರ ಈಗ ಹುಷಾರಾಗಿದ್ದಾರೆ, ಇಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ನಮ್ಮದು ಒಂದೇ ಕೋಣೆ, ಫೋನಿನಲ್ಲಿ ಮಾತಾಡಿದರೆ ಅವರ ಕಿವಿಗೂ ಬೀಳುತ್ತದೆ. ‘ಅವ್ವಗ ಫೋನಿನಾಗ ಏನೂ ಹೇಳಬ್ಯಾಡ’ ಎಂದಿದ್ದಾರೆ. ಸರಿ, ಫೋನಿನಲ್ಲಿ ಹೇಳುತ್ತಿಲ್ಲ.

ಶಿವಾಜಿನಗರದ ಚಾಂದ್ ಪಾಷಾ ಅವರ ಬ್ಯಾಗಿನ ಅಂಗಡಿಗೆ ಸೇರಿದಾಗಿನಿಂದ, ಬೆಟ್ಟ ಹತ್ತುವ ಹುಡುಗರಿಗೆ ಬೆನ್ನಿನ ಬ್ಯಾಗು ಮಾರಿ ಮಾರಿ ಇವರಿಗೂ ಆ ಹುಚ್ಚು ಹತ್ತಿತ್ತು. ಸಾಹುಕಾರರು ದೊಡ್ಡ ಮನಸ್ಸು ಮಾಡಿ ಎರಡು ಬ್ಯಾಗು ಕೊಟ್ಟು, ಎರಡು ದಿನ ಇಟ್ಟುಕೋ, ಕೊಳೆ ಮಾತ್ರ ಮಾಡಬೇಡ ಎಂದರಂತೆ. ಹೋದ ವಾರದ ಹಿಂದಿನ ಶನಿವಾರ ಕೆ.ಆರ್. ಪುರದಲ್ಲಿ ರೈಲು ಹತ್ತಿ ಕೋಲಾರದ ಕಡೆಯ ಒಂದು ಬೆಟ್ಟಕ್ಕೆ ಹೋದೆವು. ಮೇಲೆ ಮಲಗಿ ಮರುದಿನ ಇಳಿಯುವುದು ಎಂದು ಮಾತಾಗಿತ್ತು. ಈ ಬಿಸಿಲಿನಲ್ಲಿ ಬೇಡ ಎಂದರೆ, ಸೇಡಂನಲ್ಲಿ ಹುಟ್ಟಿದವನಿಗೆ ಇದೊಂದು ಬಿಸಿಲೇ ಎಂದು ನಕ್ಕರು. ಬ್ಯಾಗು ತುಂಬಿದವರೂ ಅವರೇ, ಜಿಪ್ ಎಳೆದವರೂ ಅವರೇ. ನೀರಿನ ಬಾಟಲಿಗಳನ್ನು ಇಬ್ಬರಿಗೂ ಸಮನಾಗಿ ಹಂಚಿದ್ದೇನೆ ಎಂದರು.

ನನ್ನ ಬ್ಯಾಗು ಹೆಗಲಿಗೇರಿಸಿದಾಗ ಹಗುರ ಅನ್ನಿಸಿತು. ಕೇಳಿದ್ದಕ್ಕೆ ‘ಛಲೋ ಬ್ಯಾಗಿನಾಗ ಭಾರ ಗೊತ್ತಾಗಂಗಿಲ್ಲ’ ಎಂದರು. ಗಿರಾಕಿಗಳಿಗೆ ದಿನಾ ಹೇಳುವ ಮಾತು ಅದು, ನಾನೂ ನಂಬಿದೆ. ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತು ನನ್ನ ಕಾಲು ಗಟ್ಟಿಯಾಗಿವೆ ಎಂದುಕೊಂಡು ಮುಂದೆ ಮುಂದೆ ಹತ್ತಿದೆ. ಹಿಂದೆ ಏದುಸಿರು ಬಿಡುತ್ತಿದ್ದ ನಿಮ್ಮ ಮಗನನ್ನು, ಉತ್ತರನ ಪೌರುಷ ಒಲೆಯ ಮುಂದೆ ಎಂದು ಗೇಲಿ ಬೇರೆ ಮಾಡಿದೆ. ಬಾಯಾರಿತು ಎಂದಾಗಲೆಲ್ಲ ತಮ್ಮ ಬಾಟಲಿಯನ್ನೇ ಕೊಟ್ಟರು. ಮೊದಲು ನನ್ನದು ಖಾಲಿಯಾಗಲಿ, ನಿನ್ನದು ಇರಲಿ ಎಂದರು. ಅವರು ಎಷ್ಟು ಕುಡಿದರೋ ನಾನು ನೋಡಲೇ ಇಲ್ಲ. ಬೆಟ್ಟದ ಮೇಲಿನ ದೊಣೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಎಂದು ಯಾರೋ ಗಿರಾಕಿ ಹೇಳಿದ್ದನಂತೆ. ಹೋಗಿ ನೋಡಿದರೆ ಅಲ್ಲಿ ಬಿರುಕು ಬಿಟ್ಟ ಕೆಸರು, ಅಷ್ಟೇ.

ಅಲ್ಲೇ ಅವರ ಮಾತು ತೊದಲಿತು. ಮೈ ಕೆಂಡವಾಗಿತ್ತು, ಬೆವರೇ ಇರಲಿಲ್ಲ. ನನ್ನನ್ನು ಅವ್ವಾ ಎಂದು ಕರೆದು ಬಂಡೆಯ ಮಗ್ಗುಲಿಗೆ ಕುಸಿದುಬಿಟ್ಟರು. ನಾನು ಧೈರ್ಯ ಹೇಳಿದೆ, ನನ್ನ ಪಾಲಿನ ನೀರು ಹಾಗೇ ಇದೆಯಲ್ಲ ಎಂದೆ. ಬ್ಯಾಗು ಇಳಿಸಿದರೆ ನನ್ನ ಕೈ ಹಿಡಿದುಕೊಂಡರು.

‘ರೇವತಿ, ಆ ಬ್ಯಾಗ್ ತೆಗೀಬ್ಯಾಡ.’

ಜ್ವರದ ಮಾತು ಎಂದುಕೊಂಡು ಜಿಪ್ ಎಳೆದೆ. ಒಳಗೆ ಉಂಡೆ ಕಟ್ಟಿದ ಹಳೇ ಪೇಪರು, ಥರ್ಮಾಕೋಲ್ ಚೂರು. ಅಂಗಡಿ ಮುಂದೆ ನೇತು ಹಾಕುವ ಬ್ಯಾಗು ಗುಂಡಗೆ ಕಾಣಲಿ ಎಂದು ತುಂಬುತ್ತಾರಲ್ಲ, ಅದೇ. ಹನಿ ನೀರಿರಲಿಲ್ಲ. ಇಬ್ಬರ ಭಾರವನ್ನೂ ಅವರೊಬ್ಬರೇ ಹೊತ್ತಿದ್ದರು, ಇದ್ದ ನೀರನ್ನೆಲ್ಲ ನಾನು ಕುಡಿದು ಮುಗಿಸಿದ್ದೆ. ಸ್ವಲ್ಪ ಹೊತ್ತು ಆ ಪೇಪರುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಡುತ್ತಾ ಕೂತಿದ್ದೆ, ಅಡಿಯಲ್ಲಿ ಒಂದಾದರೂ ಬಾಟಲಿ ಇರಬಹುದು ಎಂದು.

ಆಮೇಲೆ ಬುದ್ಧಿ ಬಂದು ಕೂಗುತ್ತಾ ಕೆಳಗೆ ಓಡಿದೆ. ಅರ್ಧ ದಾರಿಯಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದ ಹೆಂಗಸರು ಸಿಕ್ಕರು. ರಾಮಲಕ್ಷ್ಮಮ್ಮ ಎನ್ನುವವರು ಬಿಂದಿಗೆ ಹೊತ್ತು ನನಗಿಂತ ಮೊದಲೇ ಮೇಲೆ ತಲುಪಿ, ತಮ್ಮ ಸೆರಗು ನೆನೆಸಿ ನಿಮ್ಮ ಮಗನ ಮೈಗೆ ಹೊದಿಸಿದರು. ಅವರ ಮನೆಯವರೆಲ್ಲ ಸೇರಿ ಕೆಳಗಿಳಿಸಿದರು. ಇವರ ಬ್ಯಾಗನ್ನು ನಾನು ಹಾಕಿಕೊಂಡೆ. ನೀರೆಲ್ಲ ಖಾಲಿಯಾಗಿದ್ದರೂ ಆ ಭಾರಕ್ಕೆ ಹಿಂದಕ್ಕೆ ವಾಲಿದೆ. ಆಸ್ಪತ್ರೆಯಲ್ಲಿ ಐದು ದಿನ ಇದ್ದೆವು. ಕಿಡ್ನಿಗೆ ಪೆಟ್ಟಾಗಿತ್ತು, ಉಳಿದದ್ದೇ ಪುಣ್ಯ ಎಂದರು ಡಾಕ್ಟರು. ಈಗಲೂ ಪಕ್ಕದ ಮನೆಯಲ್ಲಿ ಯಾರಾದರೂ ಜಿಪ್ ಎಳೆದರೆ ಎದ್ದು ಹೋಗಿ ನಮ್ಮ ಕ್ಯಾನಿನಲ್ಲಿ ನೀರಿದೆಯೇ ಎಂದು ನೋಡುತ್ತೇನೆ. ಹೀಗೇಕೆ ಮಾಡಿದಿರಿ ಎಂದು ಎಷ್ಟು ಕೇಳಿದರೂ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಬದುಕಿ ಬಂದರಲ್ಲ ಎಂಬ ಸಂತೋಷ, ಮೋಸ ಮಾಡಿದರಲ್ಲ ಎಂಬ ಸಿಟ್ಟು, ಎರಡೂ ಇವೆ.

ಭಾವನವರಿಗೆ, ಅಕ್ಕನಿಗೆ ನಮಸ್ಕಾರ ತಿಳಿಸಿ, ಮಕ್ಕಳಿಗೆ ಮುದ್ದು. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಸೊಸೆ,
ರೇವತಿ

ಮರುದಿನ ಬೆಳಿಗ್ಗೆ ಸೇರಿಸಿದ್ದು: ಅತ್ತೆ, ಅಂಚೆಗೆ ಹಾಕುವ ಮೊದಲೇ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಾಗಿಲಲ್ಲಿದ್ದ ನೀರಿನ ಕ್ಯಾನು ಎತ್ತಲು ಬಗ್ಗಿದೆ. ನಿಮ್ಮ ಮಗ ಗೋಡೆ ಹಿಡಿದುಕೊಂಡು ಎದ್ದು ಬಂದು ಕಸಿದುಕೊಂಡರು. ಜಗಳ ಆಡಿದ ಮೇಲೆ ಬಾಯಿಬಿಟ್ಟರು. ನನ್ನ ಹೊಟ್ಟೆಯ ಆಪರೇಷನ್ ಆದಾಗ ಆಸ್ಪತ್ರೆಯ ವರಾಂಡದಲ್ಲಿ ನೀವು ಅವರ ಕೈಯನ್ನು ನಿಮ್ಮ ತಲೆಯ ಮೇಲೆ ಇಡಿಸಿ, ಇನ್ನು ಮೇಲೆ ಇವಳ ಕೈಲಿ ಭಾರ ಎತ್ತಿಸುವುದಿಲ್ಲ ಎಂದು ಆಣೆ ಮಾಡಿಸಿದ್ದಿರಂತೆ. ಆಣೆ ಮುರಿದರೆ ನಿಮಗೆ ಕೇಡು ಎಂದು ಹೆದರಿದ್ದಾರೆ. ನೀವಿಬ್ಬರೂ ನನಗೆ ಹೇಳಲೇ ಇಲ್ಲವಲ್ಲ. ನನ್ನ ಗಾಯ ಮಾಯ್ದು ವರ್ಷಗಳಾದವು. ಈಗ ಡಾಕ್ಟರು ಭಾರ ಎತ್ತಬಾರದು ಎಂದಿರುವುದು ಅವರಿಗೆ. ನನ್ನ ಮಾತು ನಡೆಯುವುದಿಲ್ಲ, ಆಣೆ ಹಾಕಿಸಿದವರೇ ಬಿಡಿಸಬೇಕು. ಕಾಗದ ಮುಟ್ಟಿದ ಕೂಡಲೇ ಅವರಿಗೆ ಫೋನು ಮಾಡಿ, ಬೇರೇನೂ ಬೇಡ, ‘ಆಕಿ ಎತ್ಲಿ ಬಿಡೋ’ ಅಂತ ಒಂದು ಮಾತು ಹೇಳಿಬಿಡಿ.